ಹದಿನೇಳನೆಯ ಹರಳು

ನಲವತ್ತೆಂಟನೆಯ ನಳಿಕೆಯನ್ನು ಒಡೆಯುವಾಗ ನೀಲಗಂಗಾ ಉಸಿರು ಬಿಗಿಹಿಡಿಯಲಿಲ್ಲ. ಹದಿನೆಂಟನೆಯದನ್ನು ಒಡೆಯುವಾಗ ಹಿಡಿದಿದ್ದಳು. ಇಪ್ಪತ್ತನೆಯದಕ್ಕೆ ದೇವರನ್ನೂ ನೆನೆದಿದ್ದಳು. ಮೂವತ್ತರ ಹೊತ್ತಿಗೆ ದೇವರನ್ನು ಅವನ ಪಾಡಿಗೆ ಬಿಟ್ಟು ಬೈಗುಳಕ್ಕೆ ಇಳಿದಿದ್ದಳು. ಈಗ ಬೈಗುಳವೂ ಸವೆದುಹೋಗಿತ್ತು. ಕ್ವಾರ್ಟ್ಸ್ ನಳಿಕೆಯ ಕೊರಳಿಗೆ ವಜ್ರದ ಮೊನೆಯಿಂದ ಗೀರಿ, ಒದ್ದೆ ಬಟ್ಟೆ ಸುತ್ತಿ, ಟಕ್ಕನೆ ಮುರಿದು, ತಂಪು ತುದಿಯಲ್ಲಿ ಕೂತಿದ್ದನ್ನು ಬಿಳಿ ಕಾಗದದ ಮೇಲೆ ಸುರಿದಳು. ಚೂರುಗಳು ಬಿದ್ದವು. ನೂರಾರು. ಒಂದೊಂದೂ ಸಾಸಿವೆ ಕಾಳಿಗಿಂತ ತುಸು ದೊಡ್ಡದು, ಒಂದೊಂದೂ ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿತ್ತು. ಆ ಹೊಳಪು ನೋಡಿಯೇ ಅವಳಿಗೆ ಮೈ ಉರಿಯಿತು.

ಅವಳಿಗೆ ಬೇಕಾಗಿದ್ದು ನೂರು ಚೂರಲ್ಲ, ಒಂದು ಚಪ್ಪಟೆ ಹರಳು. ಒಂದೇ ಒಂದು.

ಕಾಲೇಜಿನ ಪ್ರಯೋಗಾಲಯದಲ್ಲಿ ಅವಳು ಮಾಡುತ್ತಿದ್ದ ಕೆಲಸ ಹೇಳಿದರೆ ಸುಲಭ. ತವರ, ಗಂಧಕ, ಸೆಲೆನಿಯಂ, ಈ ಮೂರರ ಪುಡಿಯನ್ನು ಅಗೇಟ್ ಕಲ್ಲಿನ ಪುಟ್ಟ ಒರಳಿನಲ್ಲಿ ಅರೆಯಬೇಕು. ಯಂತ್ರದಲ್ಲಿ ಒತ್ತಿ ಗುಳಿಗೆಯಂಥ ಬಿಲ್ಲೆ ಮಾಡಿ ಸುಟ್ಟರೆ ಅರೆವಾಹಕ ಸೆರಾಮಿಕ್ ಸಿಗುತ್ತದೆ. ಆ ಬಿಲ್ಲೆಯನ್ನು ಚಿಟಿಕೆ ಅಯೋಡಿನ್ ಜೊತೆ ನಳಿಕೆಗೆ ಹಾಕಿ, ಗಾಳಿ ತೆಗೆದು, ಬಾಯಿ ಬೆಸೆದು, ಕುಲುಮೆಯಲ್ಲಿ ಮಲಗಿಸಬೇಕು. ಬಿಸಿ ತುದಿ ಏಳುನೂರ ಇಪ್ಪತ್ತು ಡಿಗ್ರಿ, ತಂಪು ತುದಿ ಆರುನೂರ ನಲವತ್ತು. ಅಯೋಡಿನ್ ಆವಿ ಬಿಲ್ಲೆಯನ್ನು ಕಣಕಣವಾಗಿ ಹೊತ್ತು ತಂದು ತಂಪು ತುದಿಯಲ್ಲಿ ಇಳಿಸುತ್ತದೆ. ಇಪ್ಪತ್ತೊಂದು ದಿನದ ಮೇಲೆ ಅಲ್ಲಿ ಪದರ ಪದರವಾದ ಹರಳು ಬೆಳೆದಿರುತ್ತದೆ. ಬ್ಲೇಡಿನ ಮೊನೆ ತಾಗಿಸಿದರೆ ಈರುಳ್ಳಿ ಸಿಪ್ಪೆಯ ಹಾಗೆ ಎಲೆ ಎಲೆಯಾಗಿ ಬಿಡಿಸಿಕೊಳ್ಳುತ್ತದೆ.

ಆ ಎಲೆಗಾಗಿಯೇ ಇಷ್ಟೆಲ್ಲ ಪಾಡು. ಕೈ ನಡುಗುವ ಕಾಯಿಲೆಯವರ ಮಣಿಕಟ್ಟಿನ ಒಳಬದಿಗೆ, ನರದ ಮೇಲೆ, ಈ ಎಲೆಯನ್ನು ಒಂದು ಪಟ್ಟಿಯಲ್ಲಿ ಕೂರಿಸಿ ಕಟ್ಟಿದರೆ ನಡುಕ ನಿಲ್ಲುತ್ತಿತ್ತು. ನಡುಕ ಹುಟ್ಟಿಸುವ ಮಿಡಿತ ಬೆರಳಿಗೆ ಮುಟ್ಟುವ ಮೊದಲೇ ಎಲೆ ಅದನ್ನು ಹಿಡಿದು, ಅಷ್ಟೇ ತೂಕದ ಎದುರು ಮಿಡಿತ ಕೊಟ್ಟು ಅಳಿಸಿಬಿಡುತ್ತಿತ್ತು. ಬೆವರಿಗೆ ಎಲೆ ಎರಡು ತಿಂಗಳಲ್ಲಿ ಕಪ್ಪಾಗುತ್ತದೆ, ಆಮೇಲೆ ಹೊಸ ಎಲೆ ಹಾಕಬೇಕು. ಆದರೆ ಎಲೆ ಅಷ್ಟಗಲಕ್ಕೂ ಒಂದೇ ಹರಳಾಗಿರಬೇಕು. ನಡುವೆ ಕೂದಲೆಳೆಯಷ್ಟು ಬಿರುಕಿದ್ದರೂ ಮಿಡಿತ ಅಲ್ಲೇ ಮುಗ್ಗರಿಸುತ್ತದೆ.

ಅಂಥ ಹರಳು ಬೆಳೆದದ್ದು ಒಂದೇ ಸಲ, ಹದಿನೇಳನೆಯ ನಳಿಕೆಯಲ್ಲಿ. ಎಕ್ಸ್-ರೇ ಹಾಯಿಸಿದರೆ ಫಿಲ್ಮಿನ ಮೇಲೆ ಚುಕ್ಕಿಗಳು ರಂಗೋಲಿಯಷ್ಟು ಶಿಸ್ತಾಗಿ ಕೂತಿದ್ದವು. ಆಮೇಲೆ ಬೆಳೆಸಿದ ಮೂವತ್ತೊಂದರಲ್ಲಿ ಅವೇ ಚುಕ್ಕಿಗಳು ಹರಡಿಕೊಂಡು ಬಳೆಗಳಾಗುತ್ತಿದ್ದವು. ನಾಲ್ಕು ತಂತಿ ತಾಗಿಸಿ ವಿದ್ಯುತ್ ರೋಧ ಅಳೆದರೆ ಮೂಲೆಗೊಂದು ಉತ್ತರ. ಅವೇ ಪುಡಿ, ಅದೇ ತೂಕ, ಅದೇ ಕುಲುಮೆ. ರಿಜಿಸ್ಟರಿನಲ್ಲಿ ಬರೆದಂತೆ ದಿನದಿನಕ್ಕೂ ಅದೇ ಏಳುನೂರ ಇಪ್ಪತ್ತು. ಹದಿನೇಳರ ಕೀರ್ತಿಯಿಂದ ಕಾಲೇಜಿಗೆ ಒಂದು ಕೋಣೆ ತುಂಬುವಷ್ಟು ದೊಡ್ಡ ಯುಪಿಎಸ್ ಬಂದಿತ್ತು, ಕುಲುಮೆಗೆ ಹೊಸ ನಿಯಂತ್ರಕ ಬಂದಿತ್ತು. ಉಷ್ಣತೆ ಎರಡು ಡಿಗ್ರಿ ಅತ್ತಿತ್ತ ಆದರೂ ಅದು ಕೂಗಿಕೊಳ್ಳುತ್ತಿತ್ತು. ಎಲ್ಲ ಸುಧಾರಿಸಿತ್ತು, ಹರಳೊಂದನ್ನು ಬಿಟ್ಟು.

ಬೇರೆ ಕಾರಣ ಕಾಣದೆ ಅವಳು ತಂತ್ರಜ್ಞ ಮೌಲಾಸಾಬರನ್ನು ಹಿಡಿದಿದ್ದಳು. ತೂಕದಲ್ಲಿ ಎಡವುತ್ತಾರೆ, ನಳಿಕೆ ಸರಿಯಾಗಿ ತೊಳೆಯುವುದಿಲ್ಲ ಎಂದು ಬರೆದುಕೊಟ್ಟಿದ್ದಳು. ಇಪ್ಪತ್ತೆರಡು ವರ್ಷ ಕುಲುಮೆ ಕಾದ ಮನುಷ್ಯ ಈಗ ಹಾಸ್ಟೆಲಿನ ನೀರಿನ ಪಂಪು ಕಾಯುತ್ತಿದ್ದ. ಹೋಗುವಾಗ ಅವರು ಏನೋ ಹೇಳಲು ಬಾಗಿಲವರೆಗೆ ಬಂದಿದ್ದರು. ನೆಪ ಕೇಳುವ ವ್ಯವಧಾನ ಅವಳಿಗಿರಲಿಲ್ಲ.

ಗೇಟಿನ ಹೊರಗೆ ಬೇವಿನ ಮರದ ಕೆಳಗೆ ದಿನವೂ ಜನ ಕೂತಿರುತ್ತಿದ್ದರು. ಪಟ್ಟಿಯ ಸುದ್ದಿ ಪೇಪರಿನಲ್ಲಿ ಓದಿ ಬಂದ, ಕೈ ನಡುಗುವವರು. ಯಾರ ಕೈಯಲ್ಲೂ ಚಹಾದ ಕಪ್ಪು ತುಂಬ ಇರುತ್ತಿರಲಿಲ್ಲ, ಚಹಾದಂಗಡಿಯವನು ಅವರಿಗೆಂದೇ ಅರ್ಧ ಕಪ್ಪು ಸುರಿಯುವುದನ್ನು ರೂಢಿ ಮಾಡಿಕೊಂಡಿದ್ದ. ನೀಲಗಂಗಾ ಈಚೆಗೆ ಹಿಂದಿನ ಗೇಟಿನಿಂದ ಓಡಾಡುತ್ತಿದ್ದಳು.

* * *

ಅವಳ ಅಣ್ಣ ಶಿವಪುತ್ರಪ್ಪನ ಕಟಿಂಗ್ ಅಂಗಡಿ ಗದುಗಿನ ಸ್ಟೇಷನ್ ರಸ್ತೆಯಲ್ಲಿತ್ತು. ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಒಂದು ಬೆಂಚು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಕುರ್ಚಿಯ ಹಿಂದೆ ನಿಂತವನು ತಂಗಿಯನ್ನು ಎಂ.ಎಸ್ಸಿ. ಓದಿಸಿದ, ಪಿಎಚ್.ಡಿ. ಮಾಡಿಸಿದ. ನಲವತ್ತೆಂಟನೆಯ ವಯಸ್ಸಿಗೆ ಅವನ ಬಲಗೈ ನಡುಗಲು ಶುರುವಾಯಿತು. ಹದಿನೇಳನೆಯ ಹರಳಿನ ಎಲೆ ಕಟ್ಟಿಸಿಕೊಂಡ ನಾಲ್ವರಲ್ಲಿ ಅವನೂ ಒಬ್ಬ. ಉಳಿದವರು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಪಾರವ್ವ, ಒಬ್ಬ ಬಸ್ ಕಂಡಕ್ಟರ್, ಊರ ಲೆಕ್ಕ ಬರೆಯುತ್ತಿದ್ದ ಒಬ್ಬ ನಿವೃತ್ತ ತಲಾಠಿ.

ಪಟ್ಟಿ ಬಂದ ಮೇಲೆ ಶಿವಪುತ್ರಪ್ಪನ ಗತ್ತು ನೋಡಬೇಕಿತ್ತು. ಕಂಠದ ಮೇಲೆ ಕತ್ತಿ ಆಡಿಸುತ್ತಲೇ ಗಿರಾಕಿಗೆ ಅರೆವಾಹಕದ ಪಾಠ ಹೇಳುತ್ತಿದ್ದ. ಕತ್ತಿ ಕಂಠದ ಮೇಲಿರುವಾಗ ಯಾರು ಎದುರಾಡುತ್ತಾರೆ?

"ಇವತ್ತ ಒಡದಿ ಅಲ್ಲ, ಏನಾತು?" ನೀಲಗಂಗಾ ಒಳಗೆ ಕಾಲಿಟ್ಟ ಕೂಡಲೇ ಕೇಳಿದ.

"ಹುಡಿ."

"ಮತ್ತ ಹುಡೀನಾ?"

"ಮತ್ತ ಮತ್ತ ಕೇಳಬ್ಯಾಡ ಅಣ್ಣಾ."

ಕೇಳಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ಗಿರಾಕಿಯ ತಲೆಯನ್ನು ಎಡಕ್ಕೆ ಬಾಗಿಸಿ ಕಿವಿಯ ಹಿಂದೆ ಕೆಲಸ ಮುಂದುವರಿಸಿದ. ಅತ್ತಿಗೆ ಕಸ್ತೂರವ್ವ ಬುತ್ತಿ ತಂದಿದ್ದಳು. "ನಿಮ್ಮ ಹರಳಿಗೆ ಇಷ್ಟ ಸೊಕ್ಕು ಇರಬಾರದವ್ವಾ, ಒಂದ ಸಲ ಬಂದು ಮತ್ತ ಮಾರಿ ತೋರಸವಲ್ಲದು," ಎಂದಳು. ನೀಲಗಂಗಾಳಿಗೆ ನಗು ಬರಲಿಲ್ಲ. ಹದಿನೇಳರಲ್ಲಿ ಇನ್ನು ಉಳಿದಿದ್ದು ಎಂಟು ಎಲೆ. ನಾಲ್ವರಿಗೆ ನಾಲ್ಕು ತಿಂಗಳು. ಅದಾದ ಮೇಲೆ ಅಣ್ಣನ ಕೈ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

* * *

"ಅದರಾಗ ಏನೋ ಕಲಬೆರಕಿ ಆಗ್ಯದ," ಎಂದರು ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಇನಾಮದಾರ. ಕನ್ನಡಕ ಹಣೆಗೇರಿಸಿ ಮಾತಾಡಿದರೆ ಅದು ತೀರ್ಮಾನವಾಯಿತೆಂದೇ ಅರ್ಥ. "ಯಾವುದೋ ಒಂದು ಲೋಹ ನೋಡ್ರಿ. ಹತ್ತು ಲಕ್ಷದಾಗ ಒಂದು ಪಾಲು ಇದ್ದೀತು. ಅದು ಸಣ್ಣ ಹರಳುಗಳನ್ನ ಹುಟ್ಟಲಿಕ್ಕೇ ಬಿಟ್ಟಿಲ್ಲ, ಒಂದನ್ನಷ್ಟೇ ಬೆಳೆಸ್ಯದ. ಅದು ಯಾವುದು ಅಂತ ತಿಳೀಬೇಕಂದ್ರ ಹದಿನೇಳನ್ನ ಆಮ್ಲದಾಗ ಕರಗಿಸಬೇಕು."

"ಎಷ್ಟು, ಸರ್?"

"ಒಂದು ಚೂರು ಕರಗಿಸಿದ್ರ ಲೆಕ್ಕಕ್ಕ ಸಿಗೂದಿಲ್ಲ. ಇದ್ದಷ್ಟೂ."

ಎರಡು ದಿನ ಅವಳು ಊಟ ಮಾಡಿದ್ದು ಅಷ್ಟಕ್ಕಷ್ಟೆ. ಕರಗಿಸದಿದ್ದರೆ ನಾಲ್ಕು ತಿಂಗಳ ಮೇಲೆ ಹೇಗೂ ಮುಗಿಯುತ್ತದೆ. ಕರಗಿಸಿದರೆ ಈಗಲೇ ಮುಗಿಯುತ್ತದೆ, ಆದರೆ ಗುಟ್ಟು ತಿಳಿಯಬಹುದು. ಕೊನೆಗೆ ನಾಲ್ವರನ್ನೂ ಕೇಳಲು ಹೊರಟಳು. ಕಂಡಕ್ಟರನೂ ತಲಾಠಿಯೂ ಹಿಂದುಮುಂದು ನೋಡಿ ಒಪ್ಪಿದರು. ಪಾರವ್ವ ಹಿಟ್ಟಿನ ಕೈ ಮೇಲೆತ್ತಿ, "ನಿಮ್ಮ ಅಣ್ಣಗ ಕೇಳವಾ. ಅಂವ ಹೂಂ ಅಂದ್ರ ನಂದೂ ಹೂಂ," ಎಂದಳು.

ಶಿವಪುತ್ರಪ್ಪ ಸಾಣೆಯ ಪಟ್ಟಿಯ ಮೇಲೆ ಕತ್ತಿ ತೀಡುತ್ತಿದ್ದ. "ಕರಗಿಸಿದ್ರ ಗೊತ್ತಾಗತೈತೇನು?"

"ಗೊತ್ತಾಗತೈತಿ ಅಣ್ಣಾ."

'ಗೊತ್ತಾಗಬಹುದು' ಎನ್ನಬೇಕಿತ್ತು. ಆ 'ಬಹುದು' ಬಾಯಿಗೆ ಬರಲಿಲ್ಲ.

"ಹಂಗಾದ್ರ ಕರಗಸು. ಆ ಬೇವಿನ ಗಿಡದ ಕೆಳಗ ಕುಂತಾರಲ್ಲ, ಅವರಿಗೂ ಕೈ ಅದಾವು."

ಅವಳು ತಾನೇ ಕರಗಿಸಿದಳು. ಎರಡು ವರ್ಷ ನಾಲ್ಕು ಕೈಗಳನ್ನು ಹಿಡಿದು ನಿಲ್ಲಿಸಿದ ಹರಳು ಬೀಕರಿನಲ್ಲಿ ಗುಳ್ಳೆ ಬಿಡುತ್ತ ಕಾಲು ತಾಸಿನಲ್ಲಿ ಹಳದಿ ನೀರಾಯಿತು. ನಲವತ್ತೆಂಟರ ಹುಡಿಯನ್ನೂ ಪಕ್ಕದಲ್ಲೇ ಕರಗಿಸಿ, ಎರಡನ್ನೂ ಯಂತ್ರಕ್ಕೆ ಕೊಟ್ಟಳು. ಮೂರನೆಯ ದಿನ ವರದಿ ಬಂತು. ಎರಡು ಕಾಲಂ, ಮೂವತ್ತಾರು ಧಾತುಗಳು. ತವರ ಅಷ್ಟೇ, ಗಂಧಕ ಅಷ್ಟೇ, ಸೆಲೆನಿಯಂ ಅಷ್ಟೇ. ಕಬ್ಬಿಣ, ತಾಮ್ರ, ಸೋಡಿಯಂ, ಯಾವುದರಲ್ಲೂ ಹೆಚ್ಚುಕಮ್ಮಿಯಿಲ್ಲ. ಕಲಬೆರಕೆಯೇ ಇರಲಿಲ್ಲ. ಹದಿನೇಳೂ ನಲವತ್ತೆಂಟೂ ಒಂದೇ ಪದಾರ್ಥ.

ಅವಳು ಅದೇ ಬೀಕರನ್ನು ಮೂರು ಸಲ ತೊಳೆದಳು. ನಾಲ್ಕನೆಯ ಸಲ ತೊಳೆಯುವಾಗ ಅದು ಕೈಜಾರಿ ಒಡೆಯಿತು. ಒಡೆದದ್ದಕ್ಕೆ ಸಮಾಧಾನವೇ ಆಯಿತು.

* * *

ಅಣ್ಣನ ಮಣಿಕಟ್ಟಿನಲ್ಲಿದ್ದ ಕಡೆಯ ಎಲೆ ಐದು ವಾರ ನಡೆಯಿತು. ಆರನೆಯ ವಾರ ಮಾತಿನ ನಡುವೆ ಹೆಬ್ಬೆರಳು ತಾನಾಗಿ ಕುಣಿಯತೊಡಗಿತು. ಅವನು ಮೊದಲು ಅದನ್ನು ಟವೆಲಿನಲ್ಲಿ ಮುಚ್ಚಿಟ್ಟುಕೊಂಡ. ಆಮೇಲೆ ಎಡಗೈಯಿಂದ ಬಲಗೈ ಹಿಡಿದು ಕೆಲಸ ಮಾಡಿದ. ಹಳೆಯ ಗಿರಾಕಿಗಳು ಒಳ್ಳೆಯವರು. ಗಡ್ಡಕ್ಕೆ ಬಂದವರು "ಇವತ್ತ ಬರೇ ಕಟಿಂಗ್ ಸಾಕು" ಎಂದರು. ಕಟಿಂಗಿಗೆ ಬಂದವರು "ಇನ್ನೊಂದ ವಾರ ಬಿಟ್ಟು ಬರ್ತೇನಿ" ಎಂದು ಪೇಪರ್ ಓದಿ ಎದ್ದುಹೋದರು. ಅವರ ಒಳ್ಳೆಯತನವೇ ಅವನಿಗೆ ನುಂಗಲಾರದ ತುತ್ತಾಯಿತು.

ಒಂದು ಭಾನುವಾರ ಬೆಳಿಗ್ಗೆ ನೀಲಗಂಗಾ ಬಂದಾಗ ವೀರಭದ್ರಪ್ಪ ಮಾಸ್ತರರು ರಕ್ತ ನಿಲ್ಲಲೆಂದು ಕೆನ್ನೆಗೆ ಪಟಿಕದ ಕಲ್ಲು ಒತ್ತಿಕೊಂಡು ಕೂತಿದ್ದರು. ಬಿಳಿ ಬಟ್ಟೆಯ ಮೇಲೆ ನಾಲ್ಕು ಹನಿ ರಕ್ತ. "ಏನೂ ಆಗಿಲ್ಲೋ ಮಾರಾಯ, ನನ್ನ ಗಲ್ಲನ ಗುಂಡಿ ಬಿದ್ದೈತಿ," ಎನ್ನುತ್ತಿದ್ದರು ಮಾಸ್ತರರು. ಅವರು ಹೋದ ಮೇಲೆ ಶಿವಪುತ್ರಪ್ಪ ಗಿರಾಕಿಯ ಕುರ್ಚಿಯಲ್ಲಿ ತಾನೇ ಕೂತ. ಮೂವತ್ತೈದು ವರ್ಷದಲ್ಲಿ ಅವನು ಆ ಕುರ್ಚಿಯಲ್ಲಿ ಕೂತದ್ದನ್ನು ಯಾರೂ ನೋಡಿರಲಿಲ್ಲ.

"ಕತ್ತಿ ಬಿಡ್ರಿ ಇನ್ನ," ಎಂದಳು ಕಸ್ತೂರವ್ವ. "ಟ್ರಿಮ್ಮರ್ ಹಿಡೀರಿ. ಅದು ಕಡಿಯೂದಿಲ್ಲ."

"ಟ್ರಿಮ್ಮರ್! ಅದರ ಹೆಸರ ತಗೀಬ್ಯಾಡ. ಅದು ಕೈಕೊಟ್ಟಾಗನ ಈ ಕೈ ಕೆಟ್ಟಿದ್ದು." ಅವನು ಕನ್ನಡಿಯಲ್ಲಿ ತಂಗಿಯನ್ನು ನೋಡುತ್ತ ಹೇಳಿದ. "ಆ ಬ್ಯಾಸಿಗ್ಯಾಗ ಕರೆಂಟ ತಾಸೊಪ್ಪತ್ತಿಗೆ ಹೋಗತಿತ್ತು ನೋಡು. ಒಂದ ತಾಸು ತಗದ್ರ ಎರಡ ತಾಸು ಕೊಡತಿದ್ರು. ಟ್ರಿಮ್ಮರ್ ಮೂಲಿ ಸೇರಿತು. ಎಲ್ಲಾ ಕತ್ತರಿ ಮ್ಯಾಲ ತಗದೆ, ದಿನಕ್ಕ ಮೂವತ್ತ ತಲಿ. ಅವಾಗ ಮೊದಲನೇ ಸಲ ಈ ಬೆರಳ ಕುಣೀತು. ದಣಿವು ಅಂದ್ಕೊಂಡೆ."

"ಯಾವ ಬ್ಯಾಸಿಗಿ ಅಣ್ಣಾ?"

"ನಿನ್ನ ಹರಳ ಬಂದ ವರ್ಷನ. ಬಸವ ಜಯಂತಿ ಹಿಂದ ಹತ್ತ ದಿನ, ಮುಂದ ಹದಿನೈದ ದಿನ. ನೀ ಅವಾಗ ಎಕ್ಸ್-ರೇ ಅಂತ ಧಾರವಾಡಕ್ಕ ಓಡ್ಯಾಡತಿದ್ದಿ, ನಿನಗೆಲ್ಲಿ ನೆನಪಿರಬೇಕು?"

ಬಸವ ಜಯಂತಿ. ಹದಿನೇಳನೆಯ ನಳಿಕೆ ಆಗ ಕುಲುಮೆಯಲ್ಲಿತ್ತು.

"ಕಾಲೇಜಿಗೆ ಜನರೇಟರ್ ಇತ್ತಲ್ಲ," ಎಂದಳು.

"ಅದನ್ನ ಪರೀಕ್ಷಾ ಹಾಲಿಗೆ ಹಚ್ಚಿದ್ರಂತ. ಮೌಲಾಸಾಬ ಇಲ್ಲೇ ದಾಡಿ ಮಾಡಿಸ್ಕೊಂತ ಹೇಳಿದ್ದ, ಕುಲುಮಿ ದಿನಾ ಮೂರ ಸಲ ತಣ್ಣಗಾಗತೈತಿ, ಮೇಡಂ ಬಂದ್ರ ಬೈತಾರ ಅಂತ."

* * *

ಅವಳು ಬೈದಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದ್ದಳು.

ರಿಜಿಸ್ಟರ್ ತೆರೆದಾಗ ಅದು ಕಣ್ಣೆದುರಿಗೇ ಇತ್ತು. ಇಪ್ಪತ್ತೊಂದು ದಿನ, ತಾಸಿಗೊಂದು ಸಾಲು, ಎಲ್ಲ ಸಾಲಿನಲ್ಲೂ ದುಂಡಗೆ ಬರೆದ ಏಳುನೂರ ಇಪ್ಪತ್ತು. ಅಕ್ಷರ ಅವಳದೇ. ಎರಡು ವರ್ಷದಲ್ಲಿ ಈ ಪುಟವನ್ನು ನೂರು ಸಲ ನೋಡಿದ್ದಳು, ಅಂಕಿ ನೋಡಿದ್ದಳೇ ಹೊರತು ಅಕ್ಷರ ನೋಡಿರಲಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ತಪಾಸಣಾ ಸಮಿತಿ ಬರುವುದಿತ್ತು. ಸಮಿತಿ ಬರುತ್ತದೆಂದರೆ ಕಾಲೇಜುಗಳಲ್ಲಿ ನಡೆಯುವುದು ನಡೆಯಿತು: ಗೋಡೆಗೆ ಸುಣ್ಣ, ಹೂಕುಂಡಕ್ಕೆ ಕೆಂಪು ಬಣ್ಣ, ರಿಜಿಸ್ಟರುಗಳಿಗೆ ಹೊಸ ರಟ್ಟು. ಕಚ್ಚಾ ಪುಸ್ತಕಗಳನ್ನೆಲ್ಲ ನೀಟಾಗಿ ನಕಲು ಮಾಡಿ, ಒಂದೂ ಖಾಲಿ ಜಾಗ ಕಾಣಬಾರದು ಎಂದು ಮೇಲಿನಿಂದ ಹೇಳಿ ಕಳಿಸಿದ್ದರು. ಅಕ್ಷರ ಚೆಂದವಿದ್ದವರಿಗೆಲ್ಲ ಹಂಚಿದರು. ನೀಲಗಂಗಾಳ ಪಾಲಿಗೆ ಹನ್ನೊಂದು ಪುಸ್ತಕ, ಎರಡು ದಿನ. ಮೌಲಾಸಾಬರ ಕಚ್ಚಾ ಪುಸ್ತಕದಲ್ಲಿ ಅಲ್ಲಲ್ಲಿ 'ಕ.ಹೋ.', ಅಂದರೆ ಕರೆಂಟು ಹೋಯಿತು, ಎಂಬ ಗೀಚು. ಎಣ್ಣೆ ಕಲೆ, ಖಾಲಿ ಸಾಲು. ಹದಿನೇಳನೆಯ ನಳಿಕೆಯನ್ನು ಇನ್ನೂ ಒಡೆದಿರಲಿಲ್ಲ, ಅದೂ ಉಳಿದ ಹದಿನಾರರಂತೆಯೇ ಒಂದು ನಂಬರು. ಅವಳ ಕೈ ಯಾವ ಅಳುಕೂ ಇಲ್ಲದೆ ಖಾಲಿ ಸಾಲಿಗೆಲ್ಲ ಏಳುನೂರ ಇಪ್ಪತ್ತು ಬರೆದುಕೊಂಡು ಹೋಯಿತು. ಕಚ್ಚಾ ಪುಸ್ತಕಗಳು ರದ್ದಿಗೆ ಹೋದವು. ಸಮಿತಿಯವರು ರಿಜಿಸ್ಟರ್ ತೆರೆದು ನೋಡಲೂ ಇಲ್ಲ, ಚಹಾ ಕುಡಿದು ಬಿಸ್ಕೀಟು ತಿಂದು ಹೋದರು.

ಆಮೇಲೆ ಆ ಸುಳ್ಳನ್ನೇ ಅವಳು ಮೂವತ್ತೊಂದು ಸಲ ನಿಷ್ಠೆಯಿಂದ ಪಾಲಿಸಿದ್ದಳು.

ಈಗ ಎಲ್ಲ ಬಿಚ್ಚಿಕೊಂಡಿತು. ಕುಲುಮೆ ತಣಿದಾಗ ಹರಳುಗಳು ಬೆಳೆದಿವೆ, ಮತ್ತೆ ಕಾದಾಗ ಆವಿ ಅವುಗಳನ್ನು ತಿಂದಿದೆ. ಸಣ್ಣವು ಪೂರ್ತಿ ಕರಗಿಹೋಗಿವೆ, ದೊಡ್ಡದು ಸ್ವಲ್ಪ ಸವೆದು ಉಳಿದಿದೆ. ದಿನಕ್ಕೆ ಮೂರು ಸಲ ಹೀಗೇ ಆಗಿ ಆಗಿ ಕೊನೆಗೆ ಜಾಗವೆಲ್ಲ ಆ ಒಂದರದೇ. ಅಲುಗದ ಏಳುನೂರ ಇಪ್ಪತ್ತರಲ್ಲಿ ಮಾತ್ರ ಸಣ್ಣಪುಟ್ಟವೆಲ್ಲ ಬದುಕಿ ಒಂದನ್ನೊಂದು ನೂಕಾಡುತ್ತವೆ. ಹರಳನ್ನು ಬೆಳೆಸಿದ್ದು ಕರೆಂಟು ಹೋದದ್ದು. ಕೊಂದದ್ದು ಯುಪಿಎಸ್ಸು. ಅವಳಿಗೆ ಆ ಕೋಣೆ ತುಂಬಿದ ಯುಪಿಎಸ್ಸನ್ನು ಒದೆಯಬೇಕೆನಿಸಿತು. ಒದೆಯಬೇಕಾದ್ದು ಅದನ್ನಲ್ಲ ಎಂದೂ ಅನಿಸಿತು.

ಮೌಲಾಸಾಬರು ಪಂಪಿನ ಮನೆಯ ಕಟ್ಟೆಯ ಮೇಲೆ ಕೂತು ರೇಡಿಯೋ ಕೇಳುತ್ತಿದ್ದರು. ಅವಳು ನಿಂತೇ ಎಲ್ಲ ಹೇಳಿದಳು. ಅವರು ರೇಡಿಯೋದ ಧ್ವನಿ ಕಡಿಮೆ ಮಾಡಿದರು, ಬಂದ್ ಮಾಡಲಿಲ್ಲ.

"ಇದನ್ನ ಹೇಳಾಕನ ಬಾಗಲತನ ಬಂದಿದ್ನಿರಿ ಮೇಡಂ. ಕೈ ಹಿಂಗ ಮಾಡಿದ್ರಿ ನೀವು." ಅವರು ನೊಣ ಓಡಿಸುವ ಹಾಗೆ ಕೈಯಾಡಿಸಿ ತೋರಿಸಿದರು.

"ತಪ್ಪಾತ್ರಿ ಮೌಲಾಸಾಬ್. ದೊಡ್ಡ ತಪ್ಪಾತು."

"ನಾ ಬರಿಯೂದಕ್ಕ ಎಣ್ಣಿ ಹತ್ತಿತ್ತು ಖರೆ. ಸುಳ್ಳ ಇದ್ದಿಲ್ಲ." ಅವರು ಪಂಪಿನ ಕಡೆ ನೋಡಿದರು. "ಹತ್ತಕ್ಕ ಹೋಗಿ ಹನ್ನೊಂದಕ್ಕ ಬರತಿತ್ತು. ಒಂದಕ್ಕ ಹೋಗಿ ಎರಡಕ್ಕ. ನಾಕಕ್ಕ ಹೋಗಿ ಐದಕ್ಕ. ನನಗ ನೆನಪೈತಿ. ಹಳೇ ನಿಯಂತ್ರಕ ಸ್ಟೋರಿನ್ಯಾಗ ಐತಿ, ಅದನ್ನ ಹಚ್ಚೂಣು. ಆದ್ರ ನಾ ಬರಬೇಕಂದ್ರ ಒಂದ ಮಾತು. ನನ್ನ ಮ್ಯಾಲ ಬರದಿದ್ದು ಸುಳ್ಳ ಅಂತ ನೀವ ಬರೀಬೇಕು. ಬಾಯಿಲೆ ಹೇಳಿದ್ದು ನನಗ ಬ್ಯಾಡ."

ಬರೆದಳು. ರಿಜಿಸ್ಟರಿನ ಸುಳ್ಳನ್ನೂ ಅದರಲ್ಲೇ ಬರೆದಳು. ಇನಾಮದಾರರು ಓದಿ ಕನ್ನಡಕ ಹಣೆಗೇರಿಸಿದರು.

"ಇದನ್ನ ಮ್ಯಾಲ ಕಳಿಸಿದ್ರ ವಿಚಾರಣೆ ಅಂತಾರ, ಕುಲುಮಿಗೆ ಮೊಹರು ಹಾಕ್ತಾರ, ಆರು ತಿಂಗಳು ಕೈಕಟ್ಟಿ ಕೂಡಬೇಕಾಗ್ತದ. ಹೊಸ ವಿಧಾನ ಕಂಡುಹಿಡಿದ್ವಿ ಅಂತ ಬರೀರಿ, ಮುಗೀತು. ಸುಳ್ಳೇನಲ್ಲಲ್ಲ?"

"ಅದೂ ನಕಲು ಪ್ರತಿನೇ ಆಗ್ತೈತ್ರಿ ಸರ್."

ಅವರು ಪತ್ರವನ್ನು ಡ್ರಾಯರಿಗೆ ಹಾಕಿದರು. "ನಾ ಇದನ್ನ ಇವತ್ತ ನೋಡಿಲ್ಲ. ಇಪ್ಪತ್ತೊಂದು ದಿನ ಬಿಟ್ಟು ನೋಡ್ತೀನಿ. ಮೌಲಾಸಾಬಗ ಪಂಪ್ ಬಿಟ್ಟು ಬಾ ಅನ್ರಿ."

* * *

ಅಣ್ಣನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಮಧ್ಯಾಹ್ನ, ಅಂಗಡಿ ಖಾಲಿ. ಈಗ ಯಾವಾಗಲೂ ಖಾಲಿಯೇ. ಅವನ ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೆ ತಾನು ಬಡಿದುಕೊಳ್ಳುತ್ತಿತ್ತು. ಅವನು ಕೊನೆಯವರೆಗೆ ಕೇಳಿದ.

"ಖಾಲಿ ಕಾಣಬಾರದು ಅಂತ ಬರದಿ?"

"ಹಂಗ ಹೇಳಿದ್ರು ಅಣ್ಣಾ. ಎಲ್ಲಾರೂ ಬರದ್ರು."

"ನಾ ಗಲ್ಲದ ಮ್ಯಾಲ ನಾಕ ಕೂದಲ ಬಿಟ್ಟು 'ಎಲ್ಲಾರೂ ಬಿಡತಾರ' ಅಂದ್ರ ಗಿರಾಕಿ ಕೇಳತಾನೇನು? ಕನ್ನಡಿ ಮುಂದ ಕುಂತಿರತಾನಂವ. ನಿನ್ನ ಕೆಲಸಕ್ಕ ಕನ್ನಡಿ ಇದ್ದಿಲ್ಲೇನು?"

ಅವಳು ಉದ್ದ ಕನ್ನಡಿಯ ಕಡೆಯಿಂದ ಮುಖ ತಿರುಗಿಸಿದಳು.

"ಮತ್ತ ಆ ಎಂಟ ಎಲಿ. ಕರಗಿಸಿದ್ರ ಗೊತ್ತಾಗತೈತಿ ಅಂದಿದ್ದಿ. ಪಾರವ್ವ ನನ್ನ ಮಾತಿನ ಮ್ಯಾಲ ಹೂಂ ಅಂದ್ಲು. ಹೋದ ವಾರ ಆಕೀನ ಖಾನಾವಳಿಯವ್ರು ಬಿಡಿಸಿದ್ರು, ಗೊತ್ತೈತೇನು? ರೊಟ್ಟಿ ಹರದು ಹರದು ಬೀಳತಿದ್ವಂತ." ಅವನ ಧ್ವನಿ ಏರಲಿಲ್ಲ, ಅದೇ ಅವಳನ್ನು ಹೆಚ್ಚು ಸುಟ್ಟಿತು. "ನೀ ಬರದಿದ್ದು ನಾಕ ನಂಬರು. ನಡುಗಿದ್ದು ನಾವು. ಹೋಗು ಈಗ."

ಅವಳು ಹೋದಳು.

* * *

ಇಪ್ಪತ್ತೊಂದು ದಿನ ಅವಳೂ ಮೌಲಾಸಾಬರೂ ಸ್ವಿಚ್ಚಿನ ಪಕ್ಕದಲ್ಲಿ ಕೂತರು. ಹತ್ತಕ್ಕೆ ತೆಗೆಯುವುದು, ಹನ್ನೊಂದಕ್ಕೆ ಹಾಕುವುದು. ಒಂದಕ್ಕೆ ತೆಗೆಯುವುದು, ಎರಡಕ್ಕೆ ಹಾಕುವುದು. ಊರಿಗೆಲ್ಲ ದಿನವಿಡೀ ಕರೆಂಟಿತ್ತು, ಇವರಿಬ್ಬರು ಮಾತ್ರ ಕೈಯಾರೆ ತೆಗೆದು ಕೂತಿದ್ದರು. ಮುಳ್ಳು ಏಳುನೂರ ಇಪ್ಪತ್ತರಿಂದ ಆರುನೂರ ಐವತ್ತಕ್ಕೆ ಇಳಿಯುವುದನ್ನು ನೋಡುತ್ತ ಕೂಡುವುದು ಅವಳಿಗೆ ಹಿಂಸೆ. ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಗುತ್ತಿತ್ತು. "ಬಿಡ್ರಿ, ಇಳೀಲಿ," ಎನ್ನುತ್ತಿದ್ದರು ಮೌಲಾಸಾಬರು. ಪುಸ್ತಕ ಬರೆಯುವುದು ಅವರದೇ ಕೆಲಸ. ಇಳಿದದ್ದನ್ನೂ ಏರಿದದ್ದನ್ನೂ ಎಣ್ಣೆ ಕೈಯಲ್ಲೇ ಬರೆದರು. ಎಂಟನೆಯ ದಿನ ಆರು ನಿಮಿಷ ತಡವಾಗಿ ಸ್ವಿಚ್ ಹಾಕಿದ್ದನ್ನೂ ಬರೆದರು.

ಗೇಟಿನ ಜನಕ್ಕೆ ಈ ಸಲ ಅವಳು ಯಾವ ಭರವಸೆಯನ್ನೂ ಕೊಡಲಿಲ್ಲ. ಮುಂದಿನ ಗೇಟಿನಿಂದಲೇ ಓಡಾಡಿದಳು. ಅವರು ಕೇಳಿದರೆ "ಗೊತ್ತಿಲ್ರಿ" ಎಂದಳು. ಎರಡು ವರ್ಷದಲ್ಲಿ ಅವರಿಗೆ ಹೇಳಿದ ಮೊದಲ ಖರೆ ಮಾತು ಅದು.

ನಲವತ್ತೊಂಬತ್ತನೆಯ ನಳಿಕೆಯನ್ನು ಒಡೆದು ಕಾಗದದ ಮೇಲೆ ಬಗ್ಗಿಸಿದಾಗ ಏನೂ ಬೀಳಲಿಲ್ಲ. ಮತ್ತೆ ತಟ್ಟಿದಳು. ಮೌಲಾಸಾಬರು ನಳಿಕೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ, ಇಕ್ಕಳ ತಗೊಂಡು, ಗೋಡೆಗೆ ಅಂಟಿಕೊಂಡಿದ್ದ ಒಂದೇ ಚಪ್ಪಟೆ ಹರಳನ್ನು ಮೆಲ್ಲಗೆ ಬಿಡಿಸಿ ಹೊರಗೆ ತೆಗೆದರು. ಎರಡು ಬೆರಳಗಲ. 'ಬಿಸ್ಮಿಲ್ಲಾ' ಎಂದು ಕಾಗದದ ಮೇಲಿಟ್ಟರು. ಎಕ್ಸ್-ರೇ ಹಾಯಿಸಿದರೆ ಬಳೆಗಳಿಲ್ಲ, ಬರೀ ಚುಕ್ಕಿ. ನೀಲಗಂಗಾ ಅತ್ತಳು. ಸಂತೋಷಕ್ಕೆ ಅತ್ತಳು ಎಂದು ಮೌಲಾಸಾಬರು ತಿಳಿದರು. ಅವಳು ಹಾಳಾದ ದಿನಗಳ ಲೆಕ್ಕಕ್ಕೆ ಮೂವತ್ತೊಂದನ್ನು ಇಪ್ಪತ್ತೊಂದರಿಂದ ಗುಣಿಸುತ್ತಿದ್ದಳು.

ಮರುದಿನ ಇನಾಮದಾರರು ಡ್ರಾಯರಿನಿಂದ ಪತ್ರ ತೆಗೆದು ಮೇಲೆ ಕಳಿಸಿದರು. ವಿಚಾರಣೆಯ ನೋಟೀಸು ಬರುವಷ್ಟರಲ್ಲಿ ಅವಳು ಬ್ಲೇಡು ಹಿಡಿದು ಮೊದಲ ನಾಲ್ಕು ಎಲೆ ಬಿಡಿಸಿದ್ದಳು. ಮೊದಲನೆಯದನ್ನು ಪಾರವ್ವನ ಮನೆಗೆ ಒಯ್ದು ಕಟ್ಟಿದಳು. ನಾಲ್ಕನೆಯದನ್ನು ತಗೊಂಡು ಅಂಗಡಿಗೆ ಬಂದಳು.

ಶಿವಪುತ್ರಪ್ಪ ಕೈ ಚಾಚಿದ. ಮುಖ ಬೇರೆ ಕಡೆಗಿತ್ತು. ಅವಳು ಪಟ್ಟಿಯಲ್ಲಿ ಎಲೆ ಕೂರಿಸಿ, ನರ ಹುಡುಕಿ, ಬಿಗಿದಳು. ಬೆರಳುಗಳು ಎರಡು ಸಲ ಕುಣಿದು, ಒಂದು ಸಲ ಹಿಂದೆಮುಂದೆ ಆಗಿ, ನಿಂತವು. ಅವನು ಕೈಯನ್ನು ಕನ್ನಡಿಯ ಮುಂದೆ ಹಿಡಿದು ನೋಡಿದ. ಕತ್ತಿ ತಗೊಂಡ. ಬೆಂಚಿನ ಮೇಲೆ ಕೂತಿದ್ದ ವೀರಭದ್ರಪ್ಪ ಮಾಸ್ತರರನ್ನು ಕಣ್ಣಿನಲ್ಲೇ ಕರೆದ. ಮಾಸ್ತರರು ಒಂದು ಕ್ಷಣ ಕೆನ್ನೆ ಸವರಿಕೊಂಡು, ಎದ್ದು ಬಂದು ಕುರ್ಚಿಯಲ್ಲಿ ಕತ್ತೆತ್ತಿ ಕೂತರು. ನೊರೆ ಹಚ್ಚಿ, ಕಿವಿಯ ಬುಡದಿಂದ ಗದ್ದದವರೆಗೆ ಒಂದೇ ಎಳೆತ. ಕೂದಲಿಲ್ಲ, ರಕ್ತವೂ ಇಲ್ಲ.

"ನಿಂತೈತೇನಣ್ಣಾ?" ನೀಲಗಂಗಾ ಕೇಳಿದಳು.

"ನಡುಕ ನಿಂತೈತಿ." ಅವನು ಕತ್ತಿಯ ನೊರೆಯನ್ನು ಕಾಗದಕ್ಕೆ ಒರೆಸಿದ. "ನಿನ್ನ ಮ್ಯಾಲಿನ ಸಿಟ್ಟು ನಿಂತಿಲ್ಲ."

ಅವಳು ತಲೆಯಾಡಿಸಿ ಬೆಂಚಿನ ತುದಿಯಲ್ಲಿ ಕೂತಳು. ಅವನು ಮಾಸ್ತರರ ಇನ್ನೊಂದು ಕೆನ್ನೆಗೆ ತಿರುಗಿದ. ಹೋಗು ಎನ್ನಲಿಲ್ಲ.